ಬಿಪಿ ಯಂತ್ರದಲ್ಲಿ 16.0/10.7 ಎಂದು ಬಂದರೆ

ಮನೆಯ ಡಿಜಿಟಲ್ ಬಿಪಿ ಯಂತ್ರ ಎಂದಿನ 120/80ರ ಬದಲು 16.0/10.7 ಎಂದು ತೋರಿಸಿದರೆ ಗಾಬರಿಯಾಗಬೇಡಿ. ಎರಡೂ ಒಂದೇ ಒತ್ತಡ. ಅಳತೆಯ ಮಾನ ಮಾತ್ರ ಬೇರೆ.

ನಮ್ಮ ವೈದ್ಯರು ರಕ್ತದೊತ್ತಡವನ್ನು ಪಾದರಸದ ಮಿಲಿಮೀಟರಿನಲ್ಲಿ ಹೇಳುತ್ತಾರೆ. ಹಳೆಯ ಯಂತ್ರದ ಗಾಜಿನ ಕೊಳವೆಯಲ್ಲಿ ಪಾದರಸ ಏರುತ್ತಿದ್ದ ಎತ್ತರವೇ ಆ ಸಂಖ್ಯೆ. ಕೆಲವು ಯಂತ್ರಗಳಲ್ಲಿ ಕಿಲೋಪಾಸ್ಕಲ್ ಎಂಬ ಮಾನವೂ ಇರುತ್ತದೆ. ಸೆಟ್ಟಿಂಗ್ ಗುಂಡಿ ಅಕಸ್ಮಾತ್ ಒತ್ತಿಹೋದರೆ ಅದು ಬದಲಾಗಬಹುದು. ಅಂಕಿಯ ಪಕ್ಕದಲ್ಲಿ ಕೆ, ಪಿ, ಎ ಅಕ್ಷರಗಳಿವೆಯೇ ನೋಡಿ.

ಕಿಲೋಪಾಸ್ಕಲ್ ಅಂಕಿಯನ್ನು 7.5ರಿಂದ ಗುಣಿಸಿದರೆ ನಮಗೆ ಪರಿಚಿತವಾದ ಅಂಕಿ ಸಿಗುತ್ತದೆ. 16ಕ್ಕೆ 120, 10.7ಕ್ಕೆ ಸುಮಾರು 80. ಹಾಗೆಯೇ 18.7/12.0 ಎಂದರೆ 140/90.

ಅಪಾಯವಿರುವುದು ಬಾಯಿಮಾತಿನಲ್ಲಿ. ಕಾಂದಿವಲಿಯಲ್ಲಿರುವ ಮಗಳು ಊರಿನ ಅಮ್ಮನ ಬಿಪಿಯನ್ನು ಫೋನಿನಲ್ಲಿ ಕೇಳುತ್ತಾಳೆ ಎನ್ನಿ. ಅಮ್ಮ "ಹದಿನಾರು" ಎಂದದ್ದು ಮಗಳಿಗೆ ನೂರ ಅರವತ್ತು ಎಂದು ತೋರಬಹುದು. ಬೇಡದ ಮಾತ್ರೆಯೊಂದು ಹೆಚ್ಚಾಗಬಹುದು. ಪರದೆಯ ಫೋಟೋ ತರಿಸಿಕೊಳ್ಳುವುದೇ ಒಳ್ಳೆಯದು. ಡೈರಿಯಲ್ಲಿ ಅಂಕಿಯ ಜೊತೆ ಮಾನವನ್ನೂ ಬರೆಯಿರಿ. ಯಂತ್ರದ ಕೈಪಿಡಿ ನೋಡಿ ಹಳೆಯ ಮಾನಕ್ಕೇ ಮರಳಿಸಿಬಿಡಿ. ದಿನವೂ ಗುಣಿಸುತ್ತಾ ಕೂರುವುದು ಯಾರಿಗೂ ಬೇಡ.

ಪರದೆಯಲ್ಲಿ 24.0/16.0 ಬಂದರೆ ಅದು 180/120. ಅಷ್ಟಿದ್ದು ಎದೆನೋವು, ಉಸಿರಾಟದ ತೊಂದರೆ, ಮಾತಿನ ತೊದಲು ಅಥವಾ ಒಂದು ಬದಿಯ ನಿಶ್ಶಕ್ತಿ ಕಂಡರೆ ಲೆಕ್ಕ ಬಿಟ್ಟು 108ಕ್ಕೆ ಕರೆಮಾಡಿ.

ನಿದ್ರೆಯಲ್ಲಿ ಉಸಿರು ಕಟ್ಟುವವರು ಬಳಸುವ ಸಿಪ್ಯಾಪ್ ಯಂತ್ರದ ಮಾನ ನೀರಿನ ಸೆಂಟಿಮೀಟರ್. ಅಲ್ಲಿನ 10 ಎಂದರೆ ಪಾದರಸದ ಸುಮಾರು 7.4 ಮಿಲಿಮೀಟರ್. ಅದಕ್ಕೆ ಈ ಗುಣಾಕಾರ ಹೊಂದುವುದಿಲ್ಲ.