ಕೊಡಗಿನ ಮನೆಗಳು, ಮನೆಮಂದಿ ಮತ್ತು ನಮ್ಮ ಕುಟುಂಬದ ಪುಸ್ತಕ

ನಮ್ಮ ಧರ್ಮಕೇಂದ್ರದ ಕಚೇರಿಯ ಬೀರುವಿನಲ್ಲಿ ಜ್ಞಾನಸ್ನಾನದ ಪುಸ್ತಕ, ವಿವಾಹದ ಪುಸ್ತಕ, ಮರಣದ ಪುಸ್ತಕಗಳ ಪಕ್ಕದಲ್ಲಿ ನಾಲ್ಕನೆಯದೊಂದು ದಪ್ಪ ಪುಸ್ತಕವಿರುವುದನ್ನು ಭಕ್ತಾದಿಗಳಲ್ಲಿ ಅನೇಕರು ಕಂಡಿರಬಹುದು. ಲತೀನ್ ಭಾಷೆಯಲ್ಲಿ ಇದಕ್ಕೆ 'ಸ್ತಾತುಸ್ ಅನಿಮಾರುಮ್' ಎಂದು ಹೆಸರು. ಆತ್ಮಗಳ ಸ್ಥಿತಿಯ ಪುಸ್ತಕವೆಂದು ಅರ್ಥ. ನಾವು ವಾಡಿಕೆಯಲ್ಲಿ ಕುಟುಂಬದ ಪುಸ್ತಕ ಎನ್ನುತ್ತೇವೆ. ಐದನೆಯ ಪೌಲ್ ಪೋಪರ ಕಾಲದಲ್ಲಿ, 1614ರಲ್ಲಿ ಹೊರಬಂದ ರೋಮನ್ ಸಂಸ್ಕಾರ ಗ್ರಂಥವು, ವಿಚಾರಣಾ ಗುರುವು ತನ್ನ ಎಲ್ಲೆಯೊಳಗಿನ ಪ್ರತಿಯೊಂದು ಮನೆಯನ್ನೂ ಆ ಮನೆಯಲ್ಲಿ ವಾಸಿಸುವ ಪ್ರತಿಯೊಬ್ಬರನ್ನೂ ಇಂತಹ ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. ಶತಮಾನೋತ್ಸವದ ಈ ಸಂಚಿಕೆಗೆ ನಮ್ಮ ನಾಡಿನ ಜನರ ಬಗ್ಗೆ ಒಂದು ಲೇಖನ ಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿದಾಗ, ಈ ಪುಸ್ತಕವನ್ನೂ ಸರ್ಕಾರದ ಜನಗಣತಿಯ ಅಂಕಿಗಳನ್ನೂ ಎದುರುಬದುರಾಗಿ ಇಟ್ಟುಕೊಂಡು ಕುಳಿತೆವು. ಆಗ ನಮಗೆ ತೋರಿದ್ದನ್ನು ಇಲ್ಲಿ ಬರೆಯುತ್ತೇವೆ.

ಕೊಡಗು 1834ರಲ್ಲಿ ಹಾಲೇರಿ ಅರಸರ ಕೈತಪ್ಪಿ ಇಂಗ್ಲಿಷರ ಆಳ್ವಿಕೆಗೆ ಸೇರಿತು. 1871ರ ಗಣತಿಯಲ್ಲಿ ಇಲ್ಲಿ ಕಂಡ ಜನಸಂಖ್ಯೆ 1,68,312. ಹತ್ತು ವರ್ಷಗಳ ಬಳಿಕ ಅದು 1,78,302 ಆಯಿತು. ಹೀಗೆಯೇ ಏರುತ್ತಾ ಹೋಗಿರಬೇಕೆಂದು ಯಾರಾದರೂ ಭಾವಿಸಿದರೆ ತಪ್ಪು. 1891ರಲ್ಲಿ 1,73,055ಕ್ಕೆ ಇಳಿಯಿತು. 1901ರಲ್ಲಿ 1,80,607ಕ್ಕೆ ಏರಿತು. 1911ರಲ್ಲಿ 1,74,976, 1921ರಲ್ಲಿ 1,63,838, 1931ರಲ್ಲಿ 1,63,327. ಅಂದರೆ ಅರುವತ್ತು ವರ್ಷಗಳ ತರುವಾಯ ಈ ನಾಡಿನಲ್ಲಿದ್ದವರು ಮೊದಲಿಗಿಂತಲೂ ಐದು ಸಾವಿರ ಕಡಮೆ. ನಮ್ಮ ದೇವಾಲಯ ತಲೆಯೆತ್ತಿದ್ದು ಕೊಡಗಿನ ಗಣತಿಯ ಇತಿಹಾಸದಲ್ಲೇ ಜನರು ಅತಿ ವಿರಳವಾಗಿದ್ದ ಆ ದಶಕದಲ್ಲಿ. ಜನರು ಹೆಚ್ಚಿದ್ದರಿಂದ ದೇವಾಲಯ ಬೇಕಾಯಿತು ಎಂದು ಹಿಂದಿನ ಉತ್ಸವಗಳಲ್ಲಿ ಭಾಷಣ ಮಾಡಿದವರುಂಟು. ನಾವೂ ಒಮ್ಮೆ ಹಾಗೆ ಹೇಳಿದ್ದುಂಟು. ಅಂಕಿಗಳು ಹಾಗೆ ಹೇಳುವುದಿಲ್ಲ.

ಈ ಏರಿಳಿತಕ್ಕೆ ಕಾರಣವೇನು? ಮಲೇರಿಯಾ ಒಂದು ಕಾರಣ. ಕಾಡಂಚಿನ ಹಳ್ಳಿಗಳಲ್ಲಿ ಚಳಿಜ್ವರ ಮನೆಮನೆಗಳನ್ನು ಬರಿದು ಮಾಡುತ್ತಿತ್ತು. 1918ರ ಇನ್‌ಫ್ಲುಯೆಂಜಾ ಇನ್ನೊಂದು. ಆದರೆ ಇವೆರಡಕ್ಕಿಂತಲೂ ಕುತೂಹಲಕರವಾದ ಮೂರನೆಯ ಕಾರಣವಿದೆ. ಎಣಿಸಿದ ಜನರಲ್ಲಿ ದೊಡ್ಡದೊಂದು ಪಾಲು ಕೊಡಗಿನವರೇ ಆಗಿರಲಿಲ್ಲ. 1854ರಲ್ಲಿ ಜಾನ್ ಫೌಲರ್ ಎಂಬಾತ ಮಡಿಕೇರಿಯಲ್ಲಿ ಐರೋಪ್ಯರ ಮೊದಲ ಕಾಫಿತೋಟ ತೆರೆದ ಮೇಲೆ ಮೈಸೂರು ಸೀಮೆಯಿಂದ, ತಮಿಳುನಾಡಿನಿಂದ, ಮಲಬಾರಿನಿಂದ ಮೇಸ್ತ್ರಿಗಳು ಮುಂಗಡ ಹಣ ಕೊಟ್ಟು ಆಳುಗಳನ್ನು ಕರೆತರುತ್ತಿದ್ದರು. ಕಾಫಿ ಕೊಯ್ಲು ಮುಗಿದೊಡನೆ ಇವರಲ್ಲಿ ಅನೇಕರು ತಮ್ಮ ಊರುಗಳಿಗೆ ಹಿಂದಿರುಗುವರು. ಗಣತಿಯವರು ಬರುತ್ತಿದ್ದುದು ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ. ಆದುದರಿಂದ ಆ ವರ್ಷದ ಫಸಲು ಹೇಗಿತ್ತು, ಕೊರಕ ಹುಳವೋ ಎಲೆರೋಗವೋ ಎಷ್ಟು ತೋಟಗಳನ್ನು ಹಾಳುಮಾಡಿತ್ತು, ಗಣತಿಯ ದಿನ ಕೊಯ್ಲು ಮುಗಿದಿತ್ತೇ ಇಲ್ಲವೇ ಎಂಬುದರ ಮೇಲೆ ನಾಡಿನ ಜನಸಂಖ್ಯೆಯೇ ಹೆಚ್ಚುಕಡಮೆ ಆಗುತ್ತಿತ್ತು. ಬಂದವರಲ್ಲಿ ಹೆಚ್ಚಿನವರು ಗಂಡಸರು. ಹೀಗಾಗಿ ಕಳೆದ ಶತಮಾನದ ಆರಂಭದಲ್ಲಿ ಸಾವಿರ ಗಂಡಸರಿಗೆ ಹೆಣ್ಣುಮಕ್ಕಳು ಎಂಟುನೂರರ ಆಸುಪಾಸಿನಲ್ಲಿದ್ದರು. ಅವರ ಹೆಂಡಿರು ಮಕ್ಕಳು ಘಟ್ಟದ ಕೆಳಗಿನ ಯಾವುದೋ ಹಳ್ಳಿಯ ಲೆಕ್ಕದಲ್ಲಿ ಸೇರಿಹೋಗುತ್ತಿದ್ದರು.

ಇನ್ನು ಮನೆಗಳ ವಿಚಾರ. ನಾವು ಇಲ್ಲಿಗೆ ಬಂದ ಹೊಸತರಲ್ಲಿ ಮನೆ ಎಂದರೆ ಎಲ್ಲೆಡೆಯೂ ಒಂದೇ ಎಂದು ತಿಳಿದಿದ್ದೆವು. ಕೊಡಗಿನಲ್ಲಿ ಆ ತಿಳಿವಳಿಕೆ ಬಹಳ ದಿನ ಉಳಿಯುವುದಿಲ್ಲ. ಕೊಡವರಿಗೆ ಮೂಲವಾದದ್ದು ಒಕ್ಕ. ಒಬ್ಬ ಮೂಲಪುರುಷನಿಂದ ಗಂಡುಸಂತತಿಯ ಮೂಲಕ ಇಳಿದುಬಂದವರೆಲ್ಲರೂ ಒಂದೇ ಒಕ್ಕದವರು. ಅವರಿಗೆ ಒಂದು ಐನ್‌ಮನೆ, ಗುರುಕಾರಣನ ಒಂದು ಕೈಮಡ, ಹಿರಿಯನಾದ ಪಟ್ಟೆದಾರನ ಹೆಸರಿನಲ್ಲಿ ಜಮ್ಮಾ ಭೂಮಿ. ಒಕ್ಕದ ಸದಸ್ಯತ್ವ ದೊರೆಯುವುದು ಹುಟ್ಟಿನಿಂದ, ಇಲ್ಲವೇ ಹೆಣ್ಣುಮಕ್ಕಳಿಗೆ ಮದುವೆಯಿಂದ. ಮದುವೆಯ ದಿನ ಸಣ್ಣ ಕಲ್ಲುಹರಳುಗಳನ್ನು ಕೈಯಿಂದ ಕೈಗೆ ಕೊಟ್ಟು, ಸಾಕ್ಷಿಗಳ ಮುಂದೆ, ವಧುವಿಗೆ ಗಂಡನ ಒಕ್ಕದಲ್ಲಿ ಹಕ್ಕು ದೊರೆಯಿತೆಂದು ಸಾರುವ ಪದ್ಧತಿ ಅವರಲ್ಲಿದೆ. ಕಾಗದವಿಲ್ಲದ ಕಾಲದ ಕುಟುಂಬದ ಪುಸ್ತಕವೇ ಅದು ಎಂದರೆ ಅತಿಶಯವಾಗದು. ಬಾಸೆಲ್ ಮಿಷನ್ನಿನ ರಿಕ್ಟರ್ ಅವರು 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿಯಲ್ಲಿಯೂ, ಎಂ. ಎನ್. ಶ್ರೀನಿವಾಸರು 1952ರಲ್ಲಿ ಹೊರತಂದ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥದಲ್ಲಿಯೂ ಈ ವ್ಯವಸ್ಥೆಯ ವಿವರಗಳಿವೆ. ರಿಕ್ಟರ್ ಅವರು ಪ್ರೊಟೆಸ್ಟಂಟ್ ಪಂಥದವರು. ಆದರೂ ಅವರ ಪರಿಶ್ರಮವನ್ನು ನಾವು ಮೆಚ್ಚಲೇಬೇಕು.

ಗಣತಿಯವರ ಸೂತ್ರವಾದರೋ ಬೇರೆ. ಒಂದೇ ಅಡುಗೆಮನೆಯಲ್ಲಿ ಉಣ್ಣುವವರೆಲ್ಲ ಒಂದು ಕುಟುಂಬ. ಹಿಂದೆ ಐನ್‌ಮನೆಯೊಳಗೆ ಅಣ್ಣತಮ್ಮಂದಿರೂ ಅವರ ಮಕ್ಕಳೂ ಒಟ್ಟಾಗಿ ಉಂಡಾಗ ಒಕ್ಕವೂ ಗಣತಿಯ ಕುಟುಂಬವೂ ಬಹುಮಟ್ಟಿಗೆ ಒಂದೇ ಆಗಿದ್ದವು. ಕಾಫಿಯ ಹಣ ಕೈಸೇರಿ ತೋಟದ ನಡುವೆ ಒಬ್ಬೊಬ್ಬರೂ ಮನೆ ಕಟ್ಟಿಕೊಂಡ ಮೇಲೆ ಒಂದು ಒಕ್ಕವು ಗಣತಿಯಲ್ಲಿ ಹತ್ತು, ಇಪ್ಪತ್ತು ಕುಟುಂಬಗಳಾಗಿ ಒಡೆಯಿತು. ಆದರೆ ಪುತ್ತರಿಯ ರಾತ್ರಿ ಕದಿರು ತೆಗೆಯಲು ಅವರು ಹೋಗುವುದು ಐನ್‌ಮನೆಗೇ. ಅಲ್ಲಿ ಗಣತಿಯ ಲೆಕ್ಕ ನಡೆಯುವುದಿಲ್ಲ.

ಅರೆಭಾಷೆಯ ಗೌಡರು ತಮ್ಮನ್ನು ಹತ್ತು ಕುಟುಂಬ ಹದಿನೆಂಟು ಗೋತ್ರದವರೆಂದು ಹೇಳಿಕೊಳ್ಳುತ್ತಾರೆ. ಸುಳ್ಯದ ಕಡೆಯಿಂದ ಘಟ್ಟ ಹತ್ತಿ ಬಂದವರು ಅವರಲ್ಲಿ ಬಹಳ. ಕೊಡವ ಮಾಪಿಳ್ಳೆಗಳು ಇಸ್ಲಾಂ ಧರ್ಮದವರಾಗಿದ್ದೂ ಒಕ್ಕದ ಹೆಸರುಗಳನ್ನು ಉಳಿಸಿಕೊಂಡಿದ್ದಾರೆ. ಮಲಬಾರಿನಿಂದ ಬಂದ ನಾಯರರದು ತಾಯಿಯ ಕಡೆಯಿಂದ ಎಣಿಸುತ್ತಿದ್ದ ತರವಾಡು. ಜೇನುಕುರುಬರು, ಬೆಟ್ಟಕುರುಬರು, ಯರವರ ಹಾಡಿಗಳಲ್ಲಿ ಮನೆಯ ಕಲ್ಪನೆಯೇ ಬೇರೆ. ಇಷ್ಟೆಲ್ಲ ಜನರನ್ನೂ ಒಂದೇ ಬಗೆಯ ಪಟ್ಟಿಯಲ್ಲಿ, ಒಂದೇ ಬಗೆಯ ಕಾಲಮ್ಮುಗಳಲ್ಲಿ ತುಂಬಿಸಿದ ಗುಮಾಸ್ತರ ಪಾಡನ್ನು ನೆನೆದರೆ ನಮಗೆ ಕನಿಕರ ಮೂಡುತ್ತದೆ.

ಯರವರ ವಿಷಯದಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಅರಸರ ಕಾಲದಲ್ಲಿ ಜಮೀನಿಗೆ ಅಂಟಿಕೊಂಡ ಆಳುಗಳೆಂದೂ ಒಕ್ಕಲಿಗೆ ಸೇರಿದ ಆಳುಗಳೆಂದೂ ಎರಡು ವಿಧದ ಜೀತದವರಿದ್ದರು. ಮೊದಲನೆಯವರು ಜಮೀನಿನೊಡನೆ ಕೈಬದಲಾಗುತ್ತಿದ್ದರು. ಎರಡನೆಯವರನ್ನು ಒಡೆಯನು ಬೇಕಾದಲ್ಲಿಗೆ ಸಾಗಿಸಬಹುದಿತ್ತು. 1843ರ ಕಾಯಿದೆಯು ಇಂತಹ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತು. ಅದಕ್ಕೆ ಮೊದಲು ಈ ಜನರನ್ನು ಎಣಿಸಿದವರು ಎಣಿಸಿದ್ದು ಸ್ವತ್ತಿನಂತೆ, ಮನೆಮಂದಿಯಂತೆ ಅಲ್ಲ. 1871ರ ಪಟ್ಟಿಯಲ್ಲಿ ಒಡೆಯನಿಗೂ ಒಂದು ಅಂಕಿ, ಯರವನಿಗೂ ಒಂದು ಅಂಕಿ. ಆಡಳಿತದವರ ಉದ್ದೇಶವೇನೇ ಇರಲಿ, ಅಷ್ಟು ಮಟ್ಟಿಗೆ ಅದು ನ್ಯಾಯದ ಕೆಲಸವೆಂದೇ ನಮ್ಮ ಅಭಿಪ್ರಾಯ.

ನಮ್ಮ ಕಥೋಲಿಕರೂ ಒಂದೇ ದಾರಿಯಿಂದ ಬಂದವರಲ್ಲ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರಲ್ಲಿ ತಪ್ಪಿಸಿಕೊಂಡ ಕೆಲವರು ಕೊಡಗಿನ ಗಡಿ ದಾಟಿ ದೊಡ್ಡವೀರರಾಜೇಂದ್ರನ ಆಶ್ರಯ ಪಡೆದರು. ಅರಸನು 1792ರಲ್ಲಿ ವೀರರಾಜಪೇಟೆಯನ್ನು ಕಟ್ಟಿಸಿದಾಗ ಅವರಿಗೆ ಅಲ್ಲಿ ನೆಲೆ ದೊರೆಯಿತು. ಸಂತ ಅನ್ನಮ್ಮನವರ ದೇವಾಲಯದ ಹುಟ್ಟು ಅಲ್ಲಿಂದ. ಶಿವಭಕ್ತನಾದ ಅರಸನು ಓಡಿಬಂದ ಪರದೇಶಿಗಳಿಗೆ ಭೂಮಿ ಕೊಟ್ಟ ಈ ಸಂಗತಿಯನ್ನು ನಮ್ಮ ಕೊಂಕಣಿ ಕುಟುಂಬಗಳು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಅವರ ಬಳಿಕ ಬಂದವರು ತೋಟದ ಲೈನುಗಳಿಗೆ ಬಂದ ತಮಿಳು ಕಥೋಲಿಕರು, ಮೈಸೂರು ಸೀಮೆಯ ಕನ್ನಡದವರು, ಕೇರಳದಿಂದ ಮೆಣಸು, ಕಿತ್ತಳೆಯ ಬೇಸಾಯಕ್ಕೆ ಬಂದ ಮಲಯಾಳಿಗಳು.

ಕುಟುಂಬದ ಪುಸ್ತಕದ ಹಳೆಯ ಸಂಪುಟವನ್ನು ತೆರೆದರೆ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಸ್ವಂತ ಮನೆಯಿದ್ದವರಿಗೆ ಒಂದೊಂದು ಪುಟ. ಅಜ್ಜ, ಅಜ್ಜಿ, ಮಕ್ಕಳು, ಸೊಸೆಯಂದಿರು, ಮನೆಗೆಲಸದವರು ಎಲ್ಲರೂ ಕ್ರಮವಾಗಿ. ಲೈನುಗಳಲ್ಲಿದ್ದವರಿಗೆ ಪುಸ್ತಕದ ಕೊನೆಯಲ್ಲಿ ಕೆಲವು ಹಾಳೆಗಳು. ಒಂದು ತೋಟಕ್ಕೆ ಒಂದು ಪಟ್ಟಿ. ಎಷ್ಟೋ ಕಡೆ ಗಂಡಸಿನ ಹೆಸರು ಮಾತ್ರ. ಅವರು ನಾಳೆ ಹೋಗುವವರು ಎಂಬ ಭಾವನೆಯಿಂದ ಹಿಂದಿನ ಗುರುಗಳು ಹಾಗೆ ಮಾಡಿರಬೇಕು. ಆದರೆ ಅವರಲ್ಲಿ ಎಷ್ಟೋ ಮಂದಿ ಹೋಗಲಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಡಿ.ಡಿ.ಟಿ. ಸಿಂಪಡಿಸಿ ಮಲೇರಿಯಾವನ್ನು ಹತೋಟಿಗೆ ತಂದೊಡನೆ ನಾಡಿನ ಚಿತ್ರವೇ ಬದಲಾಯಿತು. 1941ರಲ್ಲಿ 1,68,726 ಇದ್ದ ಜನಸಂಖ್ಯೆ 1951ರಲ್ಲಿ 2,29,405, 1961ರಲ್ಲಿ 3,22,829 ಆಯಿತು. ಆಳುಗಳು ಹೆಂಡಿರು ಮಕ್ಕಳನ್ನು ಕರೆತಂದು ನೆಲೆನಿಂತರು. ಅಂದಿನ ಕೊನೆಯ ಹಾಳೆಗಳಲ್ಲಿದ್ದವರ ಮೊಮ್ಮಕ್ಕಳು ಇಂದು ನಮ್ಮ ಗಾಯನವೃಂದದಲ್ಲಿಯೂ ಪಾಲನಾ ಸಮಿತಿಯಲ್ಲಿಯೂ ಇದ್ದಾರೆ.

ಅನಂತರ ಪ್ರವಾಹ ತಿರುಗಿತು. 2001ರಲ್ಲಿ 5,48,561 ಇದ್ದದ್ದು 2011ರಲ್ಲಿ 5,54,519. ಹತ್ತು ವರ್ಷಗಳಲ್ಲಿ ಏರಿದ್ದು ಆರು ಸಾವಿರಕ್ಕೂ ಕಡಮೆ. ಸಾವಿರ ಗಂಡಸರಿಗೆ ಹೆಂಗಸರು 1019. ಒಂದು ಕಾಲಕ್ಕೆ ಗಂಡಸರೇ ಬಂದು ತುಂಬಿದ ನಾಡಿನಿಂದ ಈಗ ಗಂಡುಮಕ್ಕಳು ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೊರಟಿದ್ದಾರೆ. ಮನೆಗಳನ್ನು ಆಶೀರ್ವದಿಸಲು ಹೋದಾಗ ಎಂಟು ಹೆಸರಿರುವ ಪುಟದ ಮನೆಯಲ್ಲಿ ಇಬ್ಬರು ವೃದ್ಧರು ಮಾತ್ರ ನಮಗಾಗಿ ಕಾದಿರುತ್ತಾರೆ. ಅವರ ತೋಟದ ಲೈನುಗಳಲ್ಲಾದರೋ ಅಸ್ಸಾಂ, ಪಶ್ಚಿಮ ಬಂಗಾಳ, ಝಾರ್ಖಂಡ್ ಕಡೆಯ ಹೊಸಬರು.

ಲೂಕನ ಶುಭಸಂದೇಶದಲ್ಲಿ ಔಗುಸ್ತ ಚಕ್ರವರ್ತಿಯ ಖಾನೇಷುಮಾರಿಗಾಗಿ ಜೋಸೆಫರು ಗರ್ಭಿಣಿಯಾದ ಮರಿಯಮ್ಮನವರೊಡನೆ ಬೆತ್ಲೆಹೇಮಿಗೆ ಹೋದ ಪ್ರಸಂಗವನ್ನು ಪ್ರತಿ ಕ್ರಿಸ್ಮಸ್ ರಾತ್ರಿ ನಾವೇ ಓದಿ ಪ್ರಬೋಧನೆ ಮಾಡುತ್ತೇವೆ. ಹಾಗಿದ್ದೂ ನಮ್ಮಿಂದ ಒಂದು ತಪ್ಪು ನಡೆದುಹೋಯಿತು; ಇತಿಹಾಸ ಬರೆಯುವಾಗ ಹಿಂದಿನವರ ಲೋಪವನ್ನಷ್ಟೇ ಹೇಳಿ ನಮ್ಮದನ್ನು ಬಿಡುವುದು ಸರಿಯಲ್ಲ. ಕೆಲವು ವರ್ಷಗಳ ಕೆಳಗೆ ಒಂದು ತೋಟದ ಲೈನಿನಲ್ಲಿ ಝಾರ್ಖಂಡಿನ ಕಾರ್ಮಿಕನೊಬ್ಬ ಜ್ವರದಿಂದ ತೀರಿಕೊಂಡ. ಹೆಂಡತಿ ಇಬ್ಬರು ಮಕ್ಕಳೊಡನೆ ಬಂದು, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ, "ಫಾದರ್, ನಮ್ಮ ಮಣ್ಣು ಇಲ್ಲೇ ಆಗಬೇಕು" ಎಂದಳು. ಮೂರು ಕೊಯ್ಲುಗಳ ಕಾಲ ಆ ಕುಟುಂಬ ಭಾನುವಾರದ ಬಲಿಪೂಜೆಯಲ್ಲಿ ಹಿಂದಿನ ಬಾಗಿಲ ಬಳಿ ನಿಂತಿರುತ್ತಿತ್ತು. ಮುಖ ನಮಗೆ ಪರಿಚಿತ, ಹೆಸರು ಗೊತ್ತಿರಲಿಲ್ಲ. ನಾವು ಪುಸ್ತಕ ತೆರೆದೆವು, ಇರಲಿಲ್ಲ. ಕಥೋಲಿಕನೆಂಬುದಕ್ಕೆ ಪತ್ರವೇನಾದರೂ ಇದೆಯೇ ಎಂದು, ಶವವನ್ನು ಲೈನಿನಲ್ಲಿ ಬಿಟ್ಟುಬಂದವಳನ್ನು, ಕೇಳಿದೆವು. ಆಕೆ ಕೊರಳಿನ ಜಪಸರವನ್ನು ತೆಗೆದು ನಮ್ಮ ಮೇಜಿನ ಮೇಲಿಟ್ಟಳು. ಅದೇ ಸಂಜೆ ನಮ್ಮ ಸಮಾಧಿಭೂಮಿಯಲ್ಲಿ ಅಂತ್ಯಕ್ರಿಯೆ ನೆರವೇರಿಸಿದೆವು. ಅವನ ಊರಿನ ಧರ್ಮಕೇಂದ್ರದಿಂದ ಜ್ಞಾನಸ್ನಾನದ ಪತ್ರ ಬಂದದ್ದು ಅನೇಕ ದಿನಗಳ ಬಳಿಕ. ನಮ್ಮ ಪುಸ್ತಕಗಳಲ್ಲಿ ಆತನ ಹೆಸರು ಮೊದಲು ಬಂದದ್ದು ಮರಣದ ಪುಸ್ತಕದಲ್ಲಿ.

2021ರಲ್ಲಿ ನಡೆಯಬೇಕಾಗಿದ್ದ ಸರ್ಕಾರದ ಗಣತಿ ನಡೆಯಲಿಲ್ಲ. ಮುಂದಿನದನ್ನು 2027ಕ್ಕೆ ಗೊತ್ತುಪಡಿಸಿದ್ದಾರೆ. ಅವರು ಬರುವುದಕ್ಕೆ ಮೊದಲೇ ನಮ್ಮ ಕುಟುಂಬದ ಪುಸ್ತಕವನ್ನು ಹೊಸದಾಗಿ ಬರೆಯಲು ಆರಂಭಿಸಿದ್ದೇವೆ. ಕೊನೆಯ ಹಾಳೆಗಳೆಂಬುದು ಇದರಲ್ಲಿಲ್ಲ. ಲೈನಿನ ಕೋಣೆಗೂ ಬಂಗಲೆಗೂ ಒಂದೊಂದು ಪುಟ. ತೋಟವುಳ್ಳ ಭಕ್ತಾದಿಗಳು ತಮ್ಮ ಲೈನುಗಳಲ್ಲಿ ಯಾರಾರು ಕಥೋಲಿಕರಿದ್ದಾರೆಂದು ವಿಚಾರಿಸಿ, ಗಂಡ, ಹೆಂಡತಿ, ಮಕ್ಕಳು ಮತ್ತು ಜೊತೆಗಿರುವ ಹಿರಿಯರ ಹೆಸರು, ಹುಟ್ಟೂರು, ಜ್ಞಾನಸ್ನಾನವಾದ ಧರ್ಮಕೇಂದ್ರ ಇವಿಷ್ಟನ್ನು ಬರೆದು ಕಚೇರಿಗೆ ತಲುಪಿಸಬೇಕೆಂದು ಕೋರುತ್ತೇವೆ. ಕೊಯ್ಲು ಮುಗಿಯುವುದರೊಳಗೆ ಆದರೆ ಒಳ್ಳೆಯದು. ಹಿಂದಿ ಬಲ್ಲ ಯುವಕರು ಯಾರಾದರೂ ಶನಿವಾರ ಸಂಜೆ ನಮ್ಮೊಡನೆ ಲೈನುಗಳಿಗೆ ಬರುವುದಾದರೆ ಕೆಲಸ ಇನ್ನೂ ಬೇಗ ಸಾಗುವುದು.