ಚಳಿಗಾಲದ ಎರಡು ದೀಪಗಳು

ಆಗಮನ ಕಾಲದ ಒಂದು ಭಾನುವಾರ, ದಾವಣಗೆರೆಯಲ್ಲಿ ಧರ್ಮೋಪದೇಶದ ತರಗತಿ ಮುಗಿಸಿ ಹೊರಟಿದ್ದೆ. ಪುಟ್ಟ ಬಾಲಕಿಯೊಬ್ಬಳು ತಡೆದು ಕೇಳಿದಳು: “ಫಾದರ್, ಯೇಸುಸ್ವಾಮಿಯ ಕಾಲದಲ್ಲಿ ಕ್ರಿಸ್ಮಸ್ ಇರಲಿಲ್ಲವಲ್ಲ, ಮತ್ತೆ ಚಳಿಗಾಲದಲ್ಲಿ ಅವರಿಗೆ ಯಾವ ಹಬ್ಬ?”

ಪ್ರಿಯ ಓದುಗರೇ, ಉತ್ತರ ಸಂತ ಯೊವಾನ್ನರ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿದೆ. ನಾವು ಓದುತ್ತೇವೆ, ನಿಲ್ಲದೆ ಮುಂದಕ್ಕೆ ಹೋಗುತ್ತೇವೆ. ಜೆರುಸಲೇಮಿನಲ್ಲಿ ದೇವಾಲಯದ ಪ್ರತಿಷ್ಠಾಪನೆಯ ಹಬ್ಬ, ಚಳಿಗಾಲ, ಯೇಸು ಸೊಲೊಮೋನನ ಮಂಟಪದಲ್ಲಿ ನಡೆದಾಡುತ್ತಿದ್ದಾರೆ. ಆ ಹಬ್ಬವೇ ಇಂದು ಯೆಹೂದ್ಯರು ಎಂಟು ದಿನ ದೀಪ ಹಚ್ಚಿ ಆಚರಿಸುವ ಹನುಕ್ಕಾ.

ಅದರ ಹಿನ್ನೆಲೆ ನೋವಿನದು. ಗ್ರೀಕ್ ಸಂಸ್ಕೃತಿಯ ಸಿರಿಯಾದ ಅರಸ ನಾಲ್ಕನೆಯ ಅಂತಿಯೋಕನು ಕ್ರಿ.ಪೂ. 167ರಲ್ಲಿ ಜೆರುಸಲೇಮಿನ ದೇವಾಲಯವನ್ನು ಹೊಲೆಗೆಡಿಸಿದನು. ಸಬ್ಬತ್ತನ್ನು ಪಾಲಿಸಬಾರದು, ಸುನ್ನತಿ ಮಾಡಿಸಬಾರದು ಎಂದು ವಿಧಿಸಿದನು. ಧರ್ಮಶಾಸ್ತ್ರದ ಸುರುಳಿಗಳನ್ನು ಸುಡಿಸಿದನು. ಎಲ್ಲರೂ ಒಂದೇ ಜನಾಂಗವಾಗಬೇಕೆಂಬುದು ಅವನ ಆಜ್ಞೆ. ಯೂದ ಮಕ್ಕಬಿಯನೂ ಅವನ ಸಹೋದರರೂ ಹೋರಾಡಿ, ಕ್ರಿ.ಪೂ. 164ರ ಕಿಸ್ಲೇವ್ ಮಾಸದ 25ರಂದು ದೇವಾಲಯವನ್ನು ಶುದ್ಧೀಕರಿಸಿ ಪುನಃ ಪ್ರತಿಷ್ಠಾಪಿಸಿದರು. ಒಂದು ದಿನಕ್ಕಾಗುವಷ್ಟು ಎಣ್ಣೆ ಎಂಟು ದಿನ ಉರಿಯಿತೆಂಬ ಕಥೆ ಬಹುಕಾಲದ ನಂತರ ತಾಲ್ಮುದಿನಲ್ಲಿ ಬರುತ್ತದೆ.

ಸ್ವಾರಸ್ಯವೆಂದರೆ, ಈ ಚರಿತ್ರೆಯನ್ನು ಹೇಳುವ ಮಕ್ಕಬಿಯರ ಗ್ರಂಥಗಳು ಯೆಹೂದ್ಯರ ಪವಿತ್ರ ಗ್ರಂಥದಲ್ಲಿಲ್ಲ. ಅವು ಗ್ರೀಕ್ ಭಾಷೆಯಲ್ಲಿ ಉಳಿದು ಬಂದಿದ್ದು ಕ್ರೈಸ್ತರ ಕೈಯಲ್ಲಿ. ನಿಮ್ಮ ಮನೆಯ ಬೈಬಲ್ಲಿನಲ್ಲಿಯೇ ಇವೆ, ತೆರೆದು ನೋಡಿ. ಧರ್ಮಕ್ಕಾಗಿ ಪ್ರಾಣ ತೆತ್ತ ಆ ಕಾಲದ ಏಳು ಸಹೋದರರ ಸ್ಮರಣೆಯನ್ನು ಧರ್ಮಸಭೆ ಶತಮಾನಗಳ ಕಾಲ ಆಗಸ್ಟ್ 1ರಂದು ಆಚರಿಸಿತು. ನೆರೆಮನೆಯವರ ಒಡವೆಯನ್ನು ನಮ್ಮ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟುಕೊಂಡು, ಅದು ಯಾರದೆಂಬುದನ್ನೇ ಮರೆತಂತಾಗಿದೆ ನಮ್ಮ ಸ್ಥಿತಿ.

ಯೆಹೂದ್ಯರ ಪಂಚಾಂಗವೂ ನಮ್ಮ ನಾಡಿನದರಂತೆ ಚಂದ್ರನನ್ನು ಅನುಸರಿಸುತ್ತದೆ. 19 ವರ್ಷಗಳಲ್ಲಿ 7 ಅಧಿಕ ಮಾಸಗಳು ಬರುತ್ತವೆ. ಆದ್ದರಿಂದ ಹನುಕ್ಕಾ ನವೆಂಬರ್ ಕೊನೆಯಿಂದ ಡಿಸೆಂಬರ್ ಕೊನೆಯವರೆಗೆ ಓಲಾಡುತ್ತಿರುತ್ತದೆ. 2005ರಲ್ಲಿ, ಮತ್ತೆ 2024ರಲ್ಲಿ, ಅದರ ಮೊದಲ ದೀಪ ಡಿಸೆಂಬರ್ 25ರ ಸಂಜೆಯೇ ಬೆಳಗಿತು.

ಹಾಗಾದರೆ ಎರಡನ್ನೂ ಕೂಡಿ ಆಚರಿಸಬಹುದೇ? ಮೊದಲು ಒಂದು ಲೆಕ್ಕ ನೋಡಬೇಕು. ಯೆಹೂದ್ಯರು ನಮ್ಮ ನಾಡಿಗೆ ಹೊಸಬರಲ್ಲ. 12ನೆಯ ಶತಮಾನದಲ್ಲಿಯೇ ಅಬ್ರಹಾಂ ಬೆನ್ ಯಿಜು ಎಂಬ ವರ್ತಕ ಮಂಗಳೂರಿನಲ್ಲಿ ನೆಲೆಸಿ ವ್ಯಾಪಾರ ನಡೆಸಿದ. ಅವನ ಪತ್ರಗಳು ಕೈರೋದ ಪ್ರಾರ್ಥನಾಮಂದಿರದಲ್ಲಿ ದೊರೆತಿವೆ. ಆದರೆ ನಾನ್ನೂರು ವರ್ಷಗಳ ನಂತರ, ಪೋರ್ಚುಗೀಸರ ಗೋವೆಯಲ್ಲಿ 1560ರಲ್ಲಿ ಧಾರ್ಮಿಕ ವಿಚಾರಣಾ ನ್ಯಾಯಾಲಯ ಸ್ಥಾಪನೆಯಾಯಿತು. ಕ್ರೈಸ್ತರಾಗಿಯೂ ಗುಟ್ಟಾಗಿ ಯೆಹೂದ್ಯ ಆಚರಣೆಗಳನ್ನು ಪಾಲಿಸುವವರನ್ನು ಅದು ಹುಡುಕಿ ಹಿಡಿಯಿತು. ನಮ್ಮ ಗಿಡಮೂಲಿಕೆಗಳ ಬಗ್ಗೆ ಗ್ರಂಥ ಬರೆದ ವೈದ್ಯ ಗಾರ್ಸಿಯಾ ದ ಓರ್ತನ ಸಹೋದರಿ ಕತರೀನಾಳನ್ನು 1569ರಲ್ಲಿ ಸುಡಲಾಯಿತು. 1580ರಲ್ಲಿ, ಆತ ಸತ್ತು ಹನ್ನೆರಡು ವರ್ಷಗಳಾದ ಮೇಲೆ, ಅವನ ಎಲುಬುಗಳನ್ನೂ ಅಗೆದು ಸುಟ್ಟರು. ಸುಡಿಸಿದವರು ಕ್ರಿಸ್ತಜಯಂತಿ ಆಚರಿಸುತ್ತಿದ್ದವರೇ. ನಮ್ಮ ಎಷ್ಟೋ ಕುಟುಂಬಗಳ ಮೂಲ ಗೋವೆಯ ಕಡೆಯದು. ಈ ಮಾತು ಬರೆಯುವಾಗ ನನ್ನ ಕೈ ತುಸು ತಡೆಯುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯಲ್ಲಿ ಯೆಹೂದ್ಯರ ಮೇಲಿನ ದ್ವೇಷ, ಹಿಂಸೆಗಳನ್ನು ಖಂಡಿಸಿತು. ಬಹಳ ತಡವಾಗಿ, ನಿಜ.

ಆದ್ದರಿಂದ ಕಲಬೆರಕೆಯ ಆಚರಣೆ ನನಗೆ ಒಪ್ಪಿಗೆಯಾಗದು. ಜರ್ಮನಿಯ ಕೆಲವು ಯೆಹೂದ್ಯ ಕುಟುಂಬಗಳು ಮನೆಯಲ್ಲಿ ಕ್ರಿಸ್ಮಸ್ ಮರವನ್ನೂ ಇಟ್ಟಾಗ, ಎರಡೂ ಹಬ್ಬಗಳ ಹೆಸರು ಬೆಸೆದು ‘ವೈನುಕ್ಕಾ’ ಎಂದು ಕರೆದದ್ದುಂಟು. ತಮಾಷೆಯ ಹೆಸರೇನೋ ಸರಿ. ಆದರೆ ಬೇರೆಯಾಗಿ ಉಳಿಯುವ ಹಕ್ಕಿಗಾಗಿ ಹೋರಾಡಿದವರ ಹಬ್ಬವನ್ನು ನಮ್ಮದರಲ್ಲಿ ಕರಗಿಸಿದರೆ ಅಂತಿಯೋಕನ ಕೆಲಸವನ್ನು ನಯವಾಗಿ ಮಾಡಿದಂತಾಗದೇ? ಹರಿಹರದಲ್ಲಿ ಆರೋಗ್ಯಮಾತೆಯ ದರ್ಶನಕ್ಕೆ ಹೋಗುವ ನೀವು ಅಲ್ಲಿಯ ಹರಿಹರೇಶ್ವರ ದೇವಾಲಯವನ್ನೂ ಬಲ್ಲಿರಿ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ಅಲ್ಲಿ ವಿಗ್ರಹ ಒಂದೇ ಆದರೂ ಹರಿಯ ಭಾಗ ಹರಿಯದು, ಹರನ ಭಾಗ ಹರನದು.

ಆ ಬಾಲಕಿಗೆ ಇಷ್ಟೆಲ್ಲ ಹೇಳಲಿಲ್ಲ. ದೀಪದ ಕಥೆ ಹೇಳಿ, ಎಣ್ಣೆಯ ನೆನಪಿಗಾಗಿ ಅವರು ಕರಿದ ತಿಂಡಿ ಮಾಡುತ್ತಾರೆ ಎಂದೆ. “ನಾವೂ ಚಕ್ಕುಲಿ ಕರಿಯುತ್ತೇವಲ್ಲ!” ಎಂದು ಹಿಗ್ಗಿದಳು. ಅನಂತರ ಕೇಳಿದಳು: “ದೀಪ ಎಲ್ಲಿಡುತ್ತಾರೆ ಫಾದರ್?”

“ಬಾಗಿಲಲ್ಲೋ ಕಿಟಕಿಯಲ್ಲೋ. ಬೀದಿಯಲ್ಲಿ ಹೋಗುವವರಿಗೆ ಕಾಣಬೇಕು.”

“ನಮ್ಮ ಮನೆಯಲ್ಲಿ ಅಪ್ಪ ನಕ್ಷತ್ರ ಕಟ್ಟುವುದೂ ಅಲ್ಲೇ,” ಎಂದಳು.