ಲಿನಕ್ಸ್ ಹಾಕಿದರೆ ವಿಂಡೋಸ್ ಫೈಲುಗಳು ಅಳಿಸಿಹೋಗುತ್ತವೆಯೇ?

ಪೂರ್ತಿ ನಿಜವಲ್ಲ. ಇನ್‌ಸ್ಟಾಲ್ ಮಾಡುವಾಗ ತಪ್ಪು ಡ್ರೈವ್ ಆರಿಸಿದರೆ ಡೇಟಾ ಹೋಗುತ್ತದೆ. ಎರಡಕ್ಕೂ ಬೇರೆ ಬೇರೆ ಡ್ರೈವ್ ಇದ್ದರೆ ಈ ಅಪಾಯ ತಪ್ಪಿಸಬಹುದು.

ಈಗೇಕೆ ಈ ಪ್ರಶ್ನೆ?
ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳಲ್ಲಿ ನುಡಿ, ಪೇಜ್‌ಮೇಕರ್ ನಂಬಿದ ಡಿಟಿಪಿ ಅಂಗಡಿಯವರು ವಿಂಡೋಸ್ ಬಿಡಲಾರರು. ಅದನ್ನು ಟೈಪಿಂಗ್‌ಗೆ ಇಟ್ಟುಕೊಂಡು, ಇಂಟರ್‌ನೆಟ್ ಕೆಲಸಕ್ಕೆ ಅಪ್‌ಡೇಟ್ ಸಿಗುವ ಲಿನಕ್ಸ್ ಬಳಸಬಹುದು.

ಮಾಡುವುದು ಹೇಗೆ?
1. ಫೈಲುಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಬರೆದಿಡಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ.
2. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ವಿಂಡೋಸ್ ಡ್ರೈವ್ ಬಿಚ್ಚಿಡಿ. ಹೊಸ ಎಸ್‌ಎಸ್‌ಡಿ ಜೋಡಿಸಿ.
3. ಪೆನ್‌ಡ್ರೈವ್‌ನಿಂದ ಲಿನಕ್ಸ್ ಇನ್‌ಸ್ಟಾಲ್ ಮಾಡಿ.
4. ಮತ್ತೆ ಆಫ್ ಮಾಡಿ ಹಳೆಯ ಡ್ರೈವ್ ಜೋಡಿಸಿ. ಆನ್ ಆದ ಕೂಡಲೇ ಬೂಟ್ ಮೆನು ಕೀ (ಹಲವು ಕಂಪ್ಯೂಟರುಗಳಲ್ಲಿ ಎಫ್12) ಒತ್ತಿ, ಬೇಕಾದ್ದನ್ನು ಆರಿಸಿ.

ಬಿಚ್ಚಿಡುವುದು ಏಕೆ?
ಇಲ್ಲದಿದ್ದರೆ ಲಿನಕ್ಸ್‌ನ ಬೂಟ್ ಫೈಲುಗಳು ವಿಂಡೋಸ್ ಡ್ರೈವಿನಲ್ಲೇ ಕೂರಬಹುದು. ಮುಂದೆ ಆ ಡ್ರೈವ್ ಕೆಟ್ಟರೆ ಎರಡೂ ಆನ್ ಆಗುವುದಿಲ್ಲ.

ಲ್ಯಾಪ್‌ಟಾಪ್ ಆಗಿದ್ದರೆ, ಎರಡನೇ ಡ್ರೈವಿಗೆ ಜಾಗ ಇದೆಯೇ ಎಂದು ನೋಡಿಯೇ ಎಸ್‌ಎಸ್‌ಡಿ ಕೊಳ್ಳಿ.